ಯಮದೇರಾ: ಅಮ್ಮನ ಜೊತೆ 1015 ಮೆಟ್ಟಿಲು

ಹಿಂದಿನ ದಿನ ಸಂಜೆ, ಸೆಂಡೈ

"ನಾಳೆ ನಿಮ್ಮಿಬ್ಬರಿಗೂ ಯಮದೇರಾಗೆ ಟೂರ್ ಬುಕ್ ಮಾಡಿದೀನಿ" ಅಂತ ತಮ್ಮ ಅಂದಾಗ ಅಮ್ಮ ಊಟದ ತಟ್ಟೆಯಿಂದ ತಲೆ ಎತ್ತಿ ಅವನನ್ನೇ ನೋಡಿದ್ಲು. "ಯಮನ ಹೆಸರಿರೋ ಜಾಗಕ್ಕೆ ಈ ವಯಸ್ಸಲ್ಲಿ ನನ್ನ ಯಾಕೋ ಕಳಿಸ್ತೀಯ?" ಅಂತ. ಜಪಾನಿ ಭಾಷೇಲಿ ಯಮ ಅಂದ್ರೆ ಬೆಟ್ಟ ಅಮ್ಮಾ, ದೇರಾ ಅಂದ್ರೆ ದೇವಸ್ಥಾನ, ಬೆಟ್ಟದ ಗುಡಿ ಅಂತ ಅರ್ಥ ಅಷ್ಟೇ ಅಂತ ಅವನು ಎಷ್ಟು ಹೇಳಿದ್ರೂ ಅಮ್ಮನಿಗೆ ಸಮಾಧಾನ ಆಗ್ಲಿಲ್ಲ, ಮಲಗೋ ತನಕ ಡೇರೆ ಹಾಕ್ಕೊಂಡು ಕೂತಿರೋ ಯಮನ ಬಗ್ಗೆ ಏನೋ ಗೊಣಗ್ತಾನೇ ಇದ್ಲು.

ತಮ್ಮ ಸೆಂಡೈಲಿ ರಿಸರ್ಚ್ ಮಾಡ್ತಾನೆ. ಅವನನ್ನ ನೋಡೋಕೆ ಅಂತ ಜುಲೈ ಮೂರನೇ ವಾರ ಮೈಸೂರಿಂದ ಹೊರಟಿದ್ವಿ. ಟೋಕಿಯೋದಿಂದ ಸೆಂಡೈಗೆ ಬುಲೆಟ್ ಟ್ರೈನಲ್ಲಿ ಒಂದೂವರೆ ಗಂಟೆ, ಅದರ ಬಗ್ಗೆ ಎಲ್ಲರೂ ಬರ್ದಿದಾರೆ, ನಾನು ಬರೆಯಲ್ಲ. ಅವನಿಗೆ ಲ್ಯಾಬಿಂದ ರಜಾ ಸಿಗ್ಲಿಲ್ಲ, ಅದಕ್ಕೆ ಇಂಗ್ಲಿಷ್ ಬರೋ ಗೈಡ್ ಜೊತೆ ಒಂದು ದಿನದ ಟೂರ್ ಹಿಡಿದಿದ್ದ. ಯಮಗಾತಾ ಅನ್ನೋ ಊರು, ಅದೇ ಊರಿಗೆ ಸೇರಿದ ಬೆಟ್ಟದ ಮೇಲೆ ಹಳೇ ದೇವಸ್ಥಾನ. ಕ್ಯೋಟೋ ನಾರಾ ಅಂತ ಓಡೋ ನಮ್ಮವರು ಈ ಕಡೆ ತಲೆ ಹಾಕೋದು ಕಮ್ಮಿ. ಒಟ್ಟು 1015 ಮೆಟ್ಟಿಲು ಅಂತ ಅವನು ನನಗೊಬ್ಬಳಿಗೇ ಮೆಲ್ಲಗೆ ಹೇಳಿದ. ಅಮ್ಮನಿಗೆ 64, ಎಡಗಾಲಿನ ಮಂಡಿ ಸರಿ ಇಲ್ಲ. "ಆಗ್ದಿದ್ರೆ ಕೆಳಗೇ ಕೂತ್ಕೊಳ್ಳಿ, ಅಲ್ಲೂ ಚೆನ್ನಾಗಿದೆ" ಅಂದ. ನಾನು ಅದನ್ನೇ ನಂಬ್ಕೊಂಡು ಮಲಗಿದೆ.

ಬೆಳಿಗ್ಗೆ, ಟ್ರೈನು

ಸೆಂಡೈ ಸ್ಟೇಷನ್ನಲ್ಲಿ ಚಿಕ್ಕ ಹಸಿರು ಬಾವುಟ ಹಿಡ್ಕೊಂಡು ನಿಂತಿದ್ರು ನಮ್ಮ ಗೈಡಮ್ಮ. ಅಮ್ಮನದೇ ವಯಸ್ಸು ಇರ್ಬೇಕು, ರಿಟೈರ್ಡ್ ಸ್ಕೂಲ್ ಟೀಚರ್, ಬೆನ್ನಿಗೊಂದು ಬ್ಯಾಗು, ಕುತ್ತಿಗೆಗೆ ಬೆವರು ಒರೆಸೋ ಟವೆಲ್ಲು. ನಮ್ಮ ಜೊತೆ ಆಸ್ಟ್ರೇಲಿಯಾದ ಗಂಡ ಹೆಂಡತಿ, ತೈವಾನಿನ ಒಬ್ಬ ಹುಡುಗ, ಅಷ್ಟೇ. ಗೈಡಮ್ಮ ಅಮ್ಮನನ್ನ ನೋಡಿದ ಕೂಡಲೇ "ಒಕಾಸಾನ್" ಅಂತ ಕರೆದ್ರು, ಅಂದ್ರೆ ಅಮ್ಮ ಅಂತಾನೇ. ಅಮ್ಮ ಅವರನ್ನ "ಟೀಚರ್" ಅಂತ ಕರೆಯೋಕೆ ಶುರು ಮಾಡಿದ್ಲು, ಸಂಜೆ ತನಕ ಅವರಿಬ್ಬರೂ ಹಾಗೇ.

ಸೆನ್‌ಜಾನ್ ಲೈನ್ ಅಂತ, ಪ್ಯಾಸೆಂಜರ್ ಟ್ರೈನು, ಒಂದು ಗಂಟೆ ದಾರಿ. ಮೊದಲು ಊರು, ಆಮೇಲೆ ಗದ್ದೆ, ಆಮೇಲೆ ಇದ್ದಕ್ಕಿದ್ದಂತೆ ಘಾಟಿ. ಕಿಟಕಿಗೆ ತಾಗೋ ಹಾಗೆ ಮರ, ಕೆಳಗೆ ಹೊಳೆ, ಮೇಲೆ ಮಂಜು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ಟ್ರೈನಲ್ಲಿ ಕೂತ ಹಾಗೇ ಇತ್ತು, ಮಳೆ ಮಾತ್ರ ನಮ್ಮಷ್ಟು ಜೋರಿಲ್ಲ, ಸಣ್ಣಗೆ ಜಿನುಗ್ತಿತ್ತು. ಐದು ಕಿಲೋಮೀಟರಿಗಿಂತ ಉದ್ದದ ಸುರಂಗ ಒಂದಿದೆ, ಅದರ ಆಚೆ ಬಂದ್ರೆ ಜಿಲ್ಲೆಯೇ ಬೇರೆ. ಅಲ್ಲೊಂದು ಸ್ಟೇಷನ್ ಹೆಸರು ಒಮೊಶಿರೋಯಾಮ, ಹೆಸರಿನ ಅರ್ಥ ಹಿಡಿದ್ರೆ 'ಮಜವಾದ ಬೆಟ್ಟ' ಅಂತೆ. ಅಮ್ಮ ಕಿಟಕಿಯಿಂದ ನೋಡಿ "ಏನಿದೆ ಇದ್ರಲ್ಲಿ ಮಜ" ಅಂದ್ಲು.

ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಈ ಲೈನಲ್ಲಿ ಟ್ರೈನು ಹೆಚ್ಚುಕಮ್ಮಿ ಗಂಟೆಗೊಂದು. ಟೋಕಿಯೋ ತರ ಮೂರು ನಿಮಿಷಕ್ಕೊಂದು ಬರುತ್ತೆ ಅನ್ಕೊಂಡ್ರೆ ಕೆಟ್ರಿ. ನಾವು ಹೇಗೆ ಕೆಟ್ವಿ ಅಂತ ಮುಂದೆ ಬರುತ್ತೆ.

ಮೆಟ್ಟಿಲಿಗೆ ಮುಂಚೆ

ಸ್ಟೇಷನ್ನಿಂದ ಹೊರಗೆ ಬಂದು ತಲೆ ಎತ್ತಿದ್ರೆ ಎದುರಿಗೇ ಬೆಟ್ಟ. ಬೂದು ಬಣ್ಣದ ದೊಡ್ಡ ಬಂಡೆ, ಅದರ ತುದಿಯಲ್ಲಿ ಕೈಗೊಂಬೆ ಮನೆ ಇಟ್ಟ ಹಾಗೆ ಎರಡು ಮೂರು ಸಣ್ಣ ಗುಡಿ. ಅಮ್ಮ ನೋಡಿದ್ಲು, ನನ್ನ ಮುಖ ನೋಡಿದ್ಲು, "ಚಾಮುಂಡಿ ಬೆಟ್ಟದಷ್ಟಿದೆಯಾ?" ಅಂದ್ಲು. ಮೆಟ್ಟಿಲು ಅಷ್ಟೇ ಅಮ್ಮಾ ಅಂದೆ. ಬೇರೇನೂ ಹೇಳ್ಲಿಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಎಷ್ಟೋ ಆಷಾಢ ಶುಕ್ರವಾರ ಹತ್ತಿದವಳು ಅವಳು, ಈಗ ಏಳೆಂಟು ವರ್ಷದಿಂದ ಬಸ್ಸಲ್ಲೇ ಹೋಗೋದು.

ಕೆಂಪು ಸೇತುವೆ ದಾಟಿದ ಮೇಲೆ ದಾರಿ ಪಕ್ಕ ಒಂದು ದೊಡ್ಡ ಕಲ್ಲು. ಗೈಡಮ್ಮ ಅಲ್ಲಿ ನಿಲ್ಲಿಸಿ ಕಥೆ ಹೇಳಿದ್ರು. 860ರಲ್ಲಿ ಎನ್ನಿನ್ ಅನ್ನೋ ಬೌದ್ಧ ಗುರು ಇಲ್ಲಿಗೆ ಬಂದಾಗ ಈ ಕಾಡು ಒಬ್ಬ ಬೇಟೆಗಾರನದ್ದಂತೆ, ಇಬ್ಬರೂ ಇದೇ ಕಲ್ಲಿನ ಮೇಲೆ ಕೂತು ಮಾತಾಡಿದ್ರಂತೆ, ಬೇಟೆಗಾರ ಜಾಗ ಕೊಟ್ಟಿದ್ದೂ ಅಲ್ದೆ ಬೇಟೆಯನ್ನೇ ಬಿಟ್ಟುಬಿಟ್ನಂತೆ, ಕಾಡಿನ ಪ್ರಾಣಿಗಳೆಲ್ಲ ಖುಷಿಯಲ್ಲಿ ಬಂದು ಅವನ ಮುಂದೆ ಕುಣಿದ್ರೆ ಅವನು "ನನಗಲ್ಲ, ಥ್ಯಾಂಕ್ಸು ಆ ಗುರುಗಳಿಗೆ ಹೇಳಿ" ಅಂದ್ನಂತೆ. ಈ ಎನ್ನಿನ್ ಅದಕ್ಕೂ ಮುಂಚೆ ಒಂಬತ್ತು ವರ್ಷ ಚೀನಾದಲ್ಲಿ ಅಲೆದು ಡೈರಿ ಬರ್ದಿಟ್ಟವರು, ಅಂದ್ರೆ ಅವರೂ ಪ್ರವಾಸ ಕಥನದ ಗಿರಾಕಿಯೇ. ದೇವಸ್ಥಾನದ ನಿಜವಾದ ಹೆಸರು ರಿಶ್ಶಾಕುಜಿ, ಯಮದೇರಾ ಅನ್ನೋದು ಜನ ಕರೆಯೋದು.

ಅಂಗಡಿ ಸಾಲಲ್ಲಿ ಎಲ್ಲಿ ನೋಡಿದ್ರೂ ದೊಡ್ಡ ಪಾತ್ರೆ, ಒಳಗೆ ಕಂದು ಬಣ್ಣದ ಉಂಡೆಗಳು ಕುದೀತಿರೋದು. ಮೂರು ಉಂಡೆ ಒಂದು ಕಡ್ಡಿಗೆ ಚುಚ್ಚಿ ಮೇಲೆ ಸಾಸಿವೆ ಸವರಿ ಕೊಡ್ತಾರೆ. ಕೊನ್ಯಾಕು ಅಂತ. ಬೆಟ್ಟ ಹತ್ತೋಕೆ ಶಕ್ತಿ ಬರುತ್ತೆ ಅಂತ ನಂಬಿಕೆ, ನಿಜ ಹೇಳ್ಬೇಕಂದ್ರೆ ಅದ್ರಲ್ಲಿ ಬರೀ ನೀರು ಮತ್ತು ನಾರು. ಕಚ್ಚಿದ್ರೆ ರಬ್ಬರ್ ಚೆಂಡು ಕಚ್ಚಿದ ಹಾಗೆ ಪುಟಿಯುತ್ತೆ, ಸೋಯಾ ಸಾಸು, ಒಣಗಿಸಿದ ಬೊಂಡಾಸಿನ ವಾಸನೆ. ನಾವು ಮೀನು ತಿನ್ನೋರು, ಅದೇನೂ ತೊಂದರೆ ಆಗ್ಲಿಲ್ಲ, ಶುದ್ಧ ಸಸ್ಯಾಹಾರಿಗಳು ಮಾತ್ರ ಕೇಳ್ಕೊಂಡೇ ತಿನ್ನಿ. ಇದು ಏನಿಂದ ಮಾಡೋದು ಅಂತ ಅಮ್ಮ ಕೇಳಿದ್ಲು. ಗೈಡಮ್ಮ ಫೋನಲ್ಲಿ ಗಿಡದ ಫೋಟೋ ತೋರಿಸಿದ್ರು. ಅಮ್ಮ ಒಂದೇ ನೋಟಕ್ಕೆ "ಅಯ್ಯೋ ಇದು ನಮ್ಮ ಸುವರ್ಣಗೆಡ್ಡೆ!" ಅಂದ್ಲು. ಅದೇ ಅಲ್ಲ, ಆದ್ರೆ ಅದೇ ಜಾತಿ, ದಾಯಾದಿ ಅನ್ನಬಹುದು. ಹಸಿಯಾಗಿ ತಿಂದ್ರೆ ಗಂಟಲು ತುರಿಸಲ್ವಾ ಅಂತ ಅಮ್ಮ, ತುರಿಸುತ್ತೆ ಅದಕ್ಕೇ ಸುಣ್ಣದ ನೀರು ಹಾಕಿ ಕುದಿಸ್ತೀವಿ ಅಂತ ಅವರು, ನಾವು ಹುಣಸೆಹುಳಿ ಹಾಕ್ತೀವಿ ಅಂತ ಇವಳು. ನಡುವೆ ನಾನು ಇಂಗ್ಲಿಷಿಗೂ ತುಳುವಿಗೂ ಓಡಾಡಿ ಸುಸ್ತು. ನಾವು ಮನೇಲಿ ಮಾತಾಡೋದು ತುಳು, ಅಮ್ಮನ ತವರು ಬೆಳ್ತಂಗಡಿ ಕಡೆ. ಇಲ್ಲಿ ಅವಳ ಮಾತೆಲ್ಲ ನಾನು ನನ್ನ ಮೈಸೂರು ಕನ್ನಡಕ್ಕೆ ಇಳಿಸಿ ಬರೀತಿರೋದು, ಅವಳು ಓದಿದ್ರೆ ಬೈತಾಳೆ.

ಕೆಳಗಿನ ಮುಖ್ಯ ಗುಡಿಯ ಹೆಸರು ಕೊನ್‌ಪೋನ್‌ಚೂದೋ, 1356ರಲ್ಲಿ ಬೀಚ್ ಮರದಲ್ಲಿ ಕಟ್ಟಿದ್ದು. ಒಳಗೆ ಕತ್ತಲು, ಧೂಪದ ವಾಸನೆ, ಒಂದು ಕಡೆ ದೀಪ. ಈ ದೀಪದ ಕಥೆ ನನಗೆ ಬಹಳ ಹಿಡಿಸ್ತು. ಶುರುವಲ್ಲಿ ಕ್ಯೋಟೋ ಪಕ್ಕದ ಹಿಯೇ ಬೆಟ್ಟದ ಎನ್ರಿಯಾಕುಜಿ ಅನ್ನೋ ದೇವಸ್ಥಾನದಿಂದ ಬೆಂಕಿ ತಂದು ಹಚ್ಚಿದ್ದು. 16ನೇ ಶತಮಾನದಲ್ಲಿ ಯುದ್ಧದಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ಈ ದೀಪ ಆರಿಹೋಯ್ತು, ಮತ್ತೆ ಅಲ್ಲಿಂದಲೇ ತಂದ್ರು. ಆಮೇಲೆ 1571ರಲ್ಲಿ ಓದಾ ನೊಬುನಾಗಾ ಅನ್ನೋ ಸೇನಾಧಿಪತಿ ಎನ್ರಿಯಾಕುಜಿಯನ್ನೇ ಸುಟ್ಟುಹಾಕಿದ, ಆಗ ಅಲ್ಲಿಗೆ ಇಲ್ಲಿಂದ ಬೆಂಕಿ ಹೋಯ್ತು. ಅಮ್ಮನಿಗೆ ಹೇಳಿದೆ. "ಹೆಪ್ಪಿಗೆ ಮಜ್ಜಿಗೆ ಪಕ್ಕದ ಮನೆಯಿಂದ ತಂದ ಹಾಗೆ" ಅಂದ್ಲು. ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ. ಮುಂದುಗಡೆ ಡೊಳ್ಳು ಹೊಟ್ಟೆಯ ಮರದ ಹೋತೇಯಿ, ನಾವು ಲಾಫಿಂಗ್ ಬುದ್ಧ ಅನ್ನೋದು, ಇದೆ, ಸವರಿ ಸವರಿ ಎಲ್ಲರ ಕೈ ತಾಗಿ ಮಿರಮಿರ ಮಿಂಚ್ತಿದೆ. ಅಮ್ಮ ಅದರ ಮಂಡಿ ಸವರಿ ತನ್ನ ಮಂಡಿ ಸವರ್ಕೊಂಡ್ಲು.

ಹತ್ತೋದು

"ಒಕಾಸಾನ್ ಇಲ್ಲೇ ಕೂತ್ಕೊಳ್ತಾರಾ?" ಅಂತ ಗೇಟಲ್ಲಿ ಗೈಡಮ್ಮ ಕೇಳಿದ್ರು. ಅಮ್ಮ "ಟೀಚರ್ ಹತ್ತೋದಾದ್ರೆ ನಾನೂ ಹತ್ತುತೀನಿ" ಅಂದ್ಲು. ಟೀಚರ್ ವಾರಕ್ಕೆ ಮೂರು ಸಲ ಹತ್ತೋರು ಅಂತ ಅವಳಿಗೇನು ಗೊತ್ತು.

ಶೌಚಾಲಯಕ್ಕೆ ಗೇಟಿನ ಹೊರಗೇ ಹೋಗಿ ಬನ್ನಿ. ಚಪ್ಪಲಿ ಬೇಡವೇ ಬೇಡ, ಮಳೆಗೆ ಕಲ್ಲು ಪಾಚಿ ಕಟ್ಟಿ ಜಾರುತ್ತೆ. ನಾನು ಸ್ಟೈಲಾಗಿ ಸ್ಯಾಂಡಲ್ ಹಾಕ್ಕೊಂಡು ಹೋಗಿ ಮೂವತ್ತನೇ ಮೆಟ್ಟಿಲಲ್ಲೇ ಜಾರಿ ತೈವಾನಿನ ಹುಡುಗನ ಬ್ಯಾಗು ಹಿಡ್ಕೊಂಡೆ, ಅವನು ಪಾಪ "ಸಾರಿ" ಅಂದ.

ಮೆಟ್ಟಿಲು ಎತ್ತರ ಇಲ್ಲ, ಚಾಮುಂಡಿ ಬೆಟ್ಟದ ಮೊದಲ ಭಾಗದ ಹಾಗೆ ಎದೆಗೆ ಬರಲ್ಲ. ಎರಡೂ ಕಡೆ ಆಕಾಶ ಮುಚ್ಚೋ ಅಷ್ಟು ಎತ್ತರದ ಸೀಡರ್ ಮರ, ನಡುವೆ ಬಂಡೆ. ಬಂಡೆಯೋ ಪೂರ್ತಿ ತೂತು ತೂತು, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಂತೆ, ಮಳೆಗಾಳಿಗೆ ಸವೆದು ಜೇನುಗೂಡಾಗಿದೆ. ಒಂದು ಬಂಡೆಯಲ್ಲಿ ಸವೆದ ಜಾಗವೇ ಅಮಿದ ಬುದ್ಧನ ಆಕಾರ, ಕಂಡವರಿಗೆ ಪುಣ್ಯ ಅಂತ. ನನಗೆ ಕಾಣ್ಲಿಲ್ಲ. ಅಮ್ಮ ಕಾಣ್ತು ಅಂದ್ಲು, ಆಣೆ ಮಾಡೋಕೆ ನಾನು ತಯಾರಿಲ್ಲ.

ಹತ್ತೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಸಿಗೋದು ಒಂದು ಚಿಕ್ಕ ಗುಡಿ, ಉಬಾದೋ, ಒಳಗೆ ಒಬ್ಬಳು ಭಯಂಕರ ಮುದುಕಿ. ಸತ್ತವರು ನದಿ ದಾಟುವಾಗ ಅವರ ಬಟ್ಟೆ ಬಿಚ್ಚಿಸ್ಕೊಳ್ಳೋದು ಇವಳ ಕೆಲಸ. ಈ ಗುಡಿಯಿಂದ ಕೆಳಗೆ ನರಕ, ಮೇಲೆ ಸ್ವರ್ಗ. ಹಿಂದಿನ ಕಾಲದವರು ಇಲ್ಲಿ ಹರಿಯೋ ನೀರಲ್ಲಿ ಮೈ ತೊಳ್ಕೊಂಡು ಹೊಸ ಬಟ್ಟೆ ಉಟ್ಟು, ಹಳೇದನ್ನ ಮುದುಕಿಗೆ ಕೊಟ್ಟು ಮೇಲೆ ಹತ್ತುತಿದ್ರಂತೆ. ಸತ್ತವರ ಲೆಕ್ಕ ನೋಡೋ ರಾಜ ಒಬ್ಬ ಇದಾನೆ, ಅವನ ಹೆಸರು ಎನ್ಮಾ, ನಿಮ್ಮ ದೇಶದಿಂದಲೇ ಬಂದವನು, ನಿಮ್ಮಲ್ಲಿ ಅವನಿಗೆ ಯಮ ಅಂತ ಹೆಸರು ಅಂತ ಗೈಡಮ್ಮ ಅಂದ್ರು. ನಾನು ಇದನ್ನ ಅಮ್ಮನಿಗೆ ಹೇಳ್ಬಾರ್ದಿತ್ತು. "ನಾನು ನಿನ್ನೆ ರಾತ್ರಿಯೇ ಹೇಳಿದ್ನಲ್ಲ" ಅನ್ನೋ ಮುಖ ಮಾಡ್ಕೊಂಡು ಮುಂದಿನ ಐವತ್ತು ಮೆಟ್ಟಿಲು ನಿಲ್ಲದೆ ಹತ್ತಿದ್ಲು.

ಅಲ್ಲಿಂದ ಮುಂದೆ ಒಂದು ಕಡೆ ದಾರಿ ಬಂಡೆಗೆ ಒತ್ತಿ ಇಕ್ಕಟ್ಟಾಗುತ್ತೆ, ಕಾಲಿಡೋ ಜಾಗ ನಾಲ್ಕು ಸುನ್, ಅಂದ್ರೆ ಒಂದು ಗೇಣೂ ಇಲ್ಲ. ಯಾರೇ ಹತ್ತಲಿ ಅದೇ ಜಾಗದಲ್ಲೇ ಹೆಜ್ಜೆ ಇಡ್ಬೇಕು, ಅದಕ್ಕೇ ಇದಕ್ಕೆ ಅಪ್ಪ ಮಕ್ಕಳ ದಾರಿ, ಮೊಮ್ಮಕ್ಕಳ ದಾರಿ ಅಂತೆಲ್ಲ ಹೆಸರು. ಅಮ್ಮ ಮುಂದೆ, ನಾನು ಹಿಂದೆ. ಅವಳು ಎಡಗಾಲು ಎತ್ತಿದ ಮೇಲೆ ನನ್ನ ಕಾಲು ಅಲ್ಲಿ.

ಮತ್ತೆ ಜೀರುಂಡೆ! ಇಷ್ಟು ಹೊತ್ತು ಅದನ್ನ ಹೇಳದೇ ಇದ್ದದ್ದೇ ತಪ್ಪು, ಯಾಕಂದ್ರೆ ಮಳೆ ನಿಂತ ಕ್ಷಣದಿಂದ ಬೆಟ್ಟ ಪೂರ್ತಿ ಅದೇ ಸದ್ದು. ಬಾಶೋ ಅನ್ನೋ ದೊಡ್ಡ ಹೈಕು ಕವಿ 1689ರ ಬೇಸಿಗೆಯಲ್ಲಿ, ಇದೇ ಜುಲೈಯಲ್ಲಿ, ಇಲ್ಲಿಗೆ ಬಂದು ಒಂದು ಹೈಕು ಬರೆದ, ಏನು ನಿಶ್ಶಬ್ದ, ಜೀರುಂಡೆಯ ದನಿ ಬಂಡೆಯೊಳಗೆ ಇಳೀತಿದೆ ಅಂತ. ಜಪಾನಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತಿರೋ ಪದ್ಯ. ಅವನ ಕೈಬರಹದ ಚೀಟಿಯನ್ನ ಶಿಷ್ಯರ ಪೈಕಿಯವರು ಹೂತಿಟ್ಟ ಜಾಗ ಅಂತ ದಾರೀಲಿ ಒಂದು ಕಲ್ಲಿದೆ, ಹೆಸರೇ ಜೀರುಂಡೆ ಗುಡ್ಡೆ, ಸೆಮಿಜುಕಾ. ಅದು ಯಾವ ಜಾತಿ ಜೀರುಂಡೆ ಅಂತ ಸುಮಾರು ನೂರು ವರ್ಷದ ಹಿಂದೆ ಇಬ್ಬರು ಸಾಹಿತಿಗಳು ಪತ್ರಿಕೇಲಿ ಜಗಳ ಆಡಿ, ಆ ದಿನಗಳಲ್ಲಿ ಬೆಟ್ಟದಲ್ಲಿ ಯಾವುದು ಕೂಗುತ್ತೆ ಅಂತ ಜೀರುಂಡೆ ಹಿಡಿಸಿ ನೋಡಿ, ಕೊನೆಗೆ ಒಬ್ಬರು ಸೋಲೊಪ್ಪಿಕೊಂಡ್ರಂತೆ. ಗೆದ್ದ ಜೀರುಂಡೆ ಹೆಸರು ನೀನೀಜೆಮಿ. ಅದು ಕೂಗೋದೇ ಹಾಗೆ, ನೀ… ನೀ… ಅಂತ. ನಾನು ಹೇಳಿದ ಮೇಲೆ ಅಮ್ಮನಿಗೂ ಹಾಗೇ ಕೇಳಿಸೋಕೆ ಶುರುವಾಯ್ತು, "ಯಾರನ್ನ ಕರೀತಿದೆ ಇದು, ನೀ ನೀ ಅಂತ" ಅಂದ್ಲು. ನಿಶ್ಶಬ್ದ ಎಲ್ಲಿತ್ತೋ ಆ ಕವಿಗೇ ಗೊತ್ತು, ನಮಗಂತೂ ಮಾತೇ ಕೇಳಿಸ್ತಿರ್ಲಿಲ್ಲ.

ಮೇಲೆ

1848ರ ಮರದ ಹೆಬ್ಬಾಗಿಲು ದಾಟಿದ್ರೆ ಜಾಗ ಸ್ವಲ್ಪ ಬಿಡುವಾಗುತ್ತೆ. ಅಲ್ಲಲ್ಲಿ ಮರದ ಕಂಬಗಳು, ನಡುವೆ ಚಕ್ರ ಕೂರಿಸಿದ್ದು. ಚಿಕ್ಕ ವಯಸ್ಸಲ್ಲಿ ಸತ್ತವರ ಹೆಸರಲ್ಲಿ ಮನೆಯವರು ನಿಲ್ಲಿಸೋದಂತೆ. ಅಮಿದನ ಹೆಸರು ಹೇಳ್ಕೊಂಡು ಚಕ್ರ ತಿರುಗಿಸಿದ್ರೆ ಆ ಜೀವ ಬೇಗ ಮತ್ತೆ ಹುಟ್ಟಿ ಬರುತ್ತೆ. ಗೈಡಮ್ಮ ಒಂದನ್ನ ತಿರುಗಿಸಿ ತೋರಿಸಿದ್ರು, ಕಟಕಟ ಅಂತ ಸದ್ದು. ಅಮ್ಮ ಪಕ್ಕದ್ದನ್ನ ತಿರುಗಿಸಿದ್ಲು. ಒಂದು ಸಲ ಅಲ್ಲ, ಸುಮಾರು ಹೊತ್ತು. ನನಗೆ ಆಗ ಏನೂ ಅನ್ನಿಸ್ಲಿಲ್ಲ, ಮೇಲೆ ಬಂದ ಖುಷೀಲಿ ನಾನು ವಿಡಿಯೋ ಮಾಡ್ತಿದ್ದೆ.

ತುತ್ತತುದಿಯ ಗುಡಿ ಓಕುನೋಇನ್. ಪಕ್ಕದಲ್ಲಿ ಐದು ಮೀಟರ್ ಎತ್ತರದ ಚಿನ್ನದ ಬಣ್ಣದ ಬುದ್ಧ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಮಧ್ಯಾಹ್ನದ ಮೇಲೆ ಬೇಗ ಬಾಗಿಲು ಹಾಕ್ತಾರೆ, ಬೆಳಿಗ್ಗೆಯೇ ಹತ್ತೋದು ಒಳ್ಳೇದು. ಗೋಡೆ ಮೇಲೆ ಚೌಕಟ್ಟು ಹಾಕಿದ ಚಿತ್ರಗಳಿದ್ದವು, ಮದುವೆ ಗಂಡು, ಮದುವೆ ಹೆಣ್ಣು, ಕಿಮೋನೋ ಉಟ್ಕೊಂಡು ಗಂಭೀರವಾಗಿ ಕೂತಿರೋದು. ಕೆಲವಂತೂ ಬಹಳ ಹಳೇವು. ನಾನು ಇಲ್ಲಿ ಮದುವೆ ಆದವರು ಹರಕೆ ಕೊಟ್ಟಿರ್ಬೇಕು ಅನ್ಕೊಂಡೆ.

ಗೈಡಮ್ಮ ದನಿ ತಗ್ಗಿಸಿದ್ರು. ಇದಕ್ಕೆ ಮುಕಾಸರಿ ಏಮಾ ಅಂತಾರೆ, ಈ ಕಡೆಯ ಆಡುಮಾತಲ್ಲಿ ಮುಕಾಸರಿ ಅಂದ್ರೆ ಮದುವೆ. ಮದುವೆ ಆಗದೆ ಸತ್ತ ಮಗನಿಗೋ ಮಗಳಿಗೋ, ಅವರು ಬದುಕಿದ್ದಿದ್ರೆ ಮದುವೆ ವಯಸ್ಸು ಆಗ್ತಿತ್ತು ಅನ್ನೋ ಹೊತ್ತಿಗೆ ಅಪ್ಪ ಅಮ್ಮ ಹೀಗೆ ಚಿತ್ರ ಬರೆಸಿ ಕೊಡ್ತಾರೆ. ಮೂರು ವರ್ಷಕ್ಕೆ ಸತ್ತ ಮಗುವೂ ಚಿತ್ರದಲ್ಲಿ ದೊಡ್ಡವನಾಗಿರ್ತಾನೆ. ಪಕ್ಕದಲ್ಲಿ ಕೂತ ಜೋಡಿ ಕಲ್ಪನೆಯದ್ದು, ಬದುಕಿರೋರ ಹೆಸರು ಮಾತ್ರ ಬರೆಯೋ ಹಾಗಿಲ್ಲ, ಬರೆದ್ರೆ ಅವರನ್ನ ಕರ್ಕೊಂಡು ಹೋಗ್ತಾರೆ ಅಂತ ಭಯ.

ನಾನು ಅಮ್ಮನಿಗೆ ಅರ್ಧ ಹೇಳೋ ಹೊತ್ತಿಗೆ ಅವಳು "ಕುಲೆ ಮದಿಮೆ" ಅಂದ್ಲು.

ದಕ್ಷಿಣ ಕನ್ನಡದವರಿಗೆ ಹೇಳ್ಬೇಕಾಗಿಲ್ಲ. ಪ್ರೇತ ಮದುವೆ. ಆಟಿ ತಿಂಗಳಲ್ಲಿ, ಅಂದ್ರೆ ತುಳುವರ ಆಷಾಢದಲ್ಲಿ, ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನ ಹುಡುಕಿ, ಗೋತ್ರದ ಹಾಗೆ ಬಳಿ ನೋಡಿ, ಸೀರೆ ಪಂಚೆ ಇಟ್ಟು ಶಾಸ್ತ್ರವಾಗಿ ಮದುವೆ ಮಾಡ್ತಾರೆ. 2024ರಲ್ಲಿ ಪುತ್ತೂರಲ್ಲಿ ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕು ಅಂತ ಪೇಪರಲ್ಲಿ ಜಾಹೀರಾತೇ ಬಂದಿತ್ತು, ದೇಶ ಪೂರ್ತಿ ಅದನ್ನ ಹಂಚ್ಕೊಂಡು ನಕ್ಕಿತ್ತು. ಇಲ್ಲಿ ಕಲ್ಪನೆಯ ಜೋಡಿ, ನಮ್ಮಲ್ಲಿ ನಿಜವಾಗಿ ಸತ್ತವರೇ ಜೋಡಿ, ವ್ಯತ್ಯಾಸ ಅಷ್ಟೇ. ನಾನು ಇದನ್ನ ಗೈಡಮ್ಮನಿಗೆ ಹೇಳಿದಾಗ ಅವರು ಬಾವುಟವನ್ನ ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈಯಲ್ಲಿ ಅಮ್ಮನ ಕೈ ಹಿಡ್ಕೊಂಡ್ರು. ಅಮ್ಮ ಏನೂ ಹೇಳ್ಲಿಲ್ಲ, ಹೊರಗೆ ಬಂದು ಶೂ ಹಾಕ್ಕೊಂಡ್ಲು.

ಆಮೇಲೆ ಗೋದೈದೋ, ಬಂಡೆಯಿಂದ ಹೊರಗೆ ಚಾಚಿರೋ ಮರದ ಜಗುಲಿ. ಎಲ್ಲ ಪೋಸ್ಟರಲ್ಲೂ ಬರೋದು ಅದರ ಹತ್ತಿರದ, ಬಂಡೆ ತುದಿಯ ಪುಟ್ಟ ಕೆಂಪು ಗುಡಿ. ಜಗುಲಿಯಿಂದ ನೋಡಿದ್ರೆ ಕೆಳಗೆ ಕಣಿವೆ, ಹೊಳೆ, ಊರು, ಆಟದ ಸಾಮಾನಿನ ಹಾಗೆ ನಮ್ಮ ಟ್ರೈನು ಬಂದು ನಿಂತು ಹೋಗೋದು. ಎಷ್ಟು ಚೆನ್ನಾಗಿತ್ತು ಅಂದ್ರೆ ಗಾಳಿಗೆ ಬೆವರು ಆರೋವರೆಗೂ ಯಾರೂ ಅಲ್ಲಾಡ್ಲಿಲ್ಲ.

ಇಳಿಯೋ ದಾರೀಲಿ ಒಂದು ಕೆಂಪು ಪೋಸ್ಟ್ ಡಬ್ಬಿ. ಇಷ್ಟು ಎತ್ತರದಲ್ಲಿ! ಪೋಸ್ಟ್‌ಮ್ಯಾನ್ ಹತ್ತಿ ಬಂದೇ ಕಾಗದ ತಗೊಂಡು ಹೋಗೋದು. ಅಮ್ಮ ನಿಂತುಬಿಟ್ಲು. ಕೆಳಗೆ ಅಂಗಡೀಲಿ ಜೀರುಂಡೆ ಚಿತ್ರದ ಕಾರ್ಡೊಂದು ತಗೊಂಡಿದ್ಲು, ಈಗಲೇ ಬರೀತೀನಿ, ಊರಿಗೆ ಅಣ್ಣನಿಗೆ ಹಾಕ್ತೀನಿ ಅಂದ್ಲು. ಸ್ಟಾಂಪ್ ಇಲ್ವಲ್ಲ ಅಮ್ಮಾ ಅಂದೆ. ಗೈಡಮ್ಮನ ಪರ್ಸಲ್ಲಿ ಇತ್ತು! ಇಂಥ ಪ್ರಯಾಣಿಕರನ್ನ ಎಷ್ಟು ಜನರನ್ನ ನೋಡಿರ್ಬೇಕು ಅವರು. ಯಾವ ದೇಶಕ್ಕಾದ್ರೂ ಕಾರ್ಡಿಗೆ 100 ಯೆನ್ ಸ್ಟಾಂಪ್ ಸಾಕು. ಅಮ್ಮ ಮೆಟ್ಟಿಲ ಮೇಲೆ ಕೂತು ಬ್ಯಾಗನ್ನೇ ಮೇಜು ಮಾಡ್ಕೊಂಡು ನನಗೆ ಕಾಣದ ಹಾಗೆ ಬಾಗಿ ಬರೆದ್ಲು. ಅಡ್ರೆಸ್ ಪೂರ್ತಿ ಕನ್ನಡದಲ್ಲಿ. ಇಂಡಿಯಾ, ಪಿನ್‌ಕೋಡು, ಇಷ್ಟು ಮಾತ್ರ ನಾನು ಇಂಗ್ಲಿಷಲ್ಲಿ ಸೇರಿಸಿದೆ.

ತಪ್ಪಿದ ಟ್ರೈನು

ಕಾರ್ಡು ಬರೆದಿದ್ದಕ್ಕೆ ಟ್ರೈನು ಹೋಯ್ತು. ಸೇತುವೆ ಮೇಲೆ ಬರುವಾಗಲೇ ಅದು ಹೊರಡೋ ಸದ್ದು. ಆಸ್ಟ್ರೇಲಿಯಾದ ಗಂಡಸು ಮುಖ ಗಂಟು ಹಾಕ್ಕೊಂಡು ಗಡಿಯಾರ ನೋಡಿದ್ರು, ಹೆಂಡತಿ ಅವರನ್ನ ಎಳ್ಕೊಂಡು ಹೋಗಿ ಚೆರ್ರಿ ಐಸ್‌ಕ್ರೀಮ್ ಕೊಡಿಸಿದ್ಮೇಲೆ ಸರಿಹೋದ್ರು. ಜಪಾನಿನ ಚೆರ್ರಿಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬೆಳೆಯೋದು ಈ ಜಿಲ್ಲೇಲೇ, ನಾವು ಹೋಗೋ ಹೊತ್ತಿಗೆ ಸೀಸನ್ ಮುಗೀತಾ ಬಂದಿತ್ತು, ಅಂಗಡೀಲಿ ಕೊನೇ ಡಬ್ಬಗಳು. ಒಂದೊಂದು ಹಣ್ಣನ್ನೂ ಒಡವೆ ತರ ಸಾಲಾಗಿ ಜೋಡಿಸಿರೋದು ನೋಡಿ ರೇಟು ಕೇಳೋ ಧೈರ್ಯ ಆಗ್ಲಿಲ್ಲ.

ಪ್ಲಾಟ್‌ಫಾರಮ್ಮಲ್ಲಿ ಬೆಂಚಿನ ಮೇಲೆ ನಾನು ಅಮ್ಮ ಇಬ್ಬರೇ. ಇನ್ನೂ ನಲವತ್ತೈದು ನಿಮಿಷ ಇತ್ತು. ಅವಳು ಮಂಡಿ ತಿಕ್ಕೊಳ್ತಾ ಕೇಳಿದ್ದು, "ನನಗೊಬ್ಬ ತಮ್ಮ ಇದ್ದ, ಗೊತ್ತಲ್ಲ?"

ಇದ್ದ ಅಂತ ಗೊತ್ತು, ಚಿಕ್ಕವನಿದ್ದಾಗ ಹೋದ ಅಂತ ಗೊತ್ತು. ಅಷ್ಟೇ ಗೊತ್ತಿದ್ದದ್ದು. ಎಂಟು ವರ್ಷದವನು, ಆಟಿ ಮಳೇಲಿ ಜ್ವರ ಬಂತು, ಹೊಳೆ ತುಂಬಿ ದೋಣಿ ನಿಂತಿತ್ತು, ಡಾಕ್ಟರ ಹತ್ತಿರ ಹೋಗೋಕೆ ಆಗ್ಲಿಲ್ಲ. ಅದಾಗಿ ಹದಿನಾರು ವರ್ಷದ ಮೇಲೆ ಅಮ್ಮನಿಗೆ ಬಂದ ಸಂಬಂಧವೆಲ್ಲ ಮುರಿದು ಬೀಳೋಕೆ ಶುರುವಾದಾಗ ಜೋಯಿಸರು ಮನೇಲಿ ಮದುವೆಗೆ ಬಂದ ಹುಡುಗ ಒಬ್ಬ ಕಾದು ಕೂತಿದಾನೆ ಅಂದ್ರಂತೆ. ಮೂರು ಊರಾಚೆ ಹಸುಗೂಸಾಗಿದ್ದಾಗಲೇ ಹೋದ ಒಂದು ಹುಡುಗಿಯ ಮನೆಯವರು ಒಪ್ಪಿದ್ರು. ಅಜ್ಜಿ ಪಂಚೆ ತರೋಕೆ ಅಂಗಡಿಗೆ ಹೋದಾಗ ಚಿಕ್ಕ ಪಂಚೆ ತಗೊಂಡು ಬಂದ್ಲಂತೆ. ಅಜ್ಜ, ಅವನಿಗೀಗ ಇಪ್ಪತ್ತನಾಲ್ಕು, ಇದು ಎಲ್ಲಿ ಸಾಲುತ್ತೆ ಅಂತ ವಾಪಸ್ ಕಳಿಸಿದ್ರಂತೆ. "ನಾನೇ ಹೋಗಿ ಬದಲಾಯಿಸಿ ತಂದೆ, ನಾಲ್ಕು ಮೊಳದ್ದು" ಅಂದ್ಲು ಅಮ್ಮ. "ಎರಡು ಕುರ್ಚಿ ಮೇಲೆ ಸೀರೆ ಪಂಚೆ ಇಟ್ಟಿದ್ರು. ಊಟ ಬಡಿಸಿದ್ರು. ಪತ್ರೊಡೆ ಅವನಿಗೆ ಇಷ್ಟ ಅಂತ ನಿನ್ನಜ್ಜಿ ಅದನ್ನೂ ಮಾಡಿದ್ಲು, ಮದುವೆ ಊಟಕ್ಕೆ ಯಾರಾದ್ರೂ ಪತ್ರೊಡೆ ಮಾಡ್ತಾರಾ?"

ಮುಂದಿನ ವರ್ಷ ಅಮ್ಮನ ಮದುವೆ ಆಯ್ತು. ನನಗೆ ಕೇಳೋಕೆ ಎಷ್ಟೋ ಇತ್ತು, ಆದ್ರೆ ಅಷ್ಟರಲ್ಲಿ ಗೈಡಮ್ಮ ಮೂರು ಬಾಟಲಿ ತಣ್ಣನೆ ಬಾರ್ಲಿ ಟೀ ತಗೊಂಡು ಬಂದು ನಮ್ಮ ಪಕ್ಕ ಕೂತ್ರು.

ಯಮಗಾತಾ ಊರು

ಅಲ್ಲಿಂದ ಯಮಗಾತಾ ಇಪ್ಪತ್ತು ನಿಮಿಷ. ಟ್ರೈನಿಂದ ಇಳಿದ್ರೆ ಒಲೆ ಬಾಯಿ ತೆಗೆದ ಹಾಗೆ ಸೆಕೆ. ಸುತ್ತ ಬೆಟ್ಟ, ನಡುವೆ ಬಟ್ಟಲಿನ ಹಾಗೆ ಊರು. 1933ರ ಜುಲೈಯಲ್ಲಿ ಇಲ್ಲಿ 40.8 ಡಿಗ್ರಿ ಬಂದಿತ್ತು, 2007ರ ತನಕ ಜಪಾನಿನ ದಾಖಲೆ ಅದೇ, ಊರಿನವರಿಗೆ ಅದರ ಬಗ್ಗೆ ಒಂಥರಾ ಹೆಮ್ಮೆ. ಇದೇ ಊರಲ್ಲಿ ಚಳಿಗಾಲದಲ್ಲಿ ಹಿಮ ರಾಶಿ ಬೀಳುತ್ತಂತೆ, ನಂಬೋಕಾಗಲ್ಲ.

ಆ ಸೆಕೆಗೇ ಹುಟ್ಟಿದ್ದು ತಣ್ಣನೆ ರಾಮೆನ್ ನೂಡಲ್ಸು, 1952ರಲ್ಲಿ, ಐಸ್ ತುಂಡು ತೇಲಿಸಿ ಕೊಡ್ತಾರೆ. ಊಟದ ಪ್ಲ್ಯಾನು ಅದೇ ಇತ್ತು, ಆದ್ರೆ ಬಟ್ಟಲು ಟೇಬಲಿಗೆ ಬಂದ ಮೇಲೆ ನಮಗೆ ಗೊತ್ತಾಗಿದ್ದು ಸಾರು ದನದ ಮೂಳೆಯದ್ದು ಅಂತ. ಮುಂಚೆಯೇ ಹೇಳ್ಬೇಕಿತ್ತು, ತಪ್ಪು ನಂದೇ. ಈ ಕಡೆ ದನದ ಮಾಂಸ ಜಾಸ್ತಿ, ಬಿಟ್ಟಿರೋರು ಬುಕ್ ಮಾಡುವಾಗಲೇ ಬರೆದು ಹಾಕಿ. ಎರಡೂ ಬಟ್ಟಲನ್ನ ತೈವಾನಿನ ಹುಡುಗ ಸಂತೋಷವಾಗಿ ತನ್ನ ಕಡೆ ಎಳ್ಕೊಂಡ, ಎಲ್ಲಿ ಹಾಕಿದ್ನೋ ದೇವರಿಗೇ ಗೊತ್ತು. ಗೈಡಮ್ಮ ನಮ್ಮಿಬ್ಬರನ್ನ ಪಕ್ಕದ ಸೋಬಾ ನೂಡಲ್ಸ್ ಹೋಟೆಲಿಗೆ ಕರ್ಕೊಂಡು ಹೋದ್ರು. ತಣ್ಣನೆ ಸೋಬಾ, ಜೊತೆಗೆ ಅನ್ನದ ಮೇಲೆ ದಾಶಿ. ಈ ಊರಿನ ದಾಶಿ ಅಂದ್ರೆ ಸಾರಲ್ಲ, ಸೌತೆಕಾಯಿ ಬದನೆಕಾಯಿ ಶಿಸೋ ಎಲೆ ಎಲ್ಲ ಹಸಿಯಾಗಿ ಸಣ್ಣಗೆ ಹೆಚ್ಚಿ, ಲೋಳೆ ಬರೋ ಸಮುದ್ರದ ಪಾಚಿ ಸೇರಿಸಿ ಸೋಯಾ ಸಾಸಲ್ಲಿ ನೆನೆಸಿದ್ದು. ನೋಡೋಕೆ ಕೋಸಂಬರಿ, ಬಾಯಿಗಿಟ್ರೆ ಬೆಂಡೆಕಾಯಿ. ಅಮ್ಮ ಎರಡು ಸಲ ಹಾಕಿಸ್ಕೊಂಡ್ಲು. ಹಸಿ ಬದನೆಕಾಯಿ ಅಂತ ಆಮೇಲೆ ಹೇಳಿದೆ.

ಅಲ್ಲೇ ಗೋಡೆ ಮೇಲೊಂದು ಪೋಸ್ಟರ್, ಪ್ರತಿ ಸೆಪ್ಟೆಂಬರಲ್ಲಿ ಇಲ್ಲಿ ಹೊಳೆ ದಂಡೇಲಿ ಕೆಸುವಿನ ಗೆಡ್ಡೆ ಸಾರಿನ ಜಾತ್ರೆ. ಪಾತ್ರೆ ಆರೂವರೆ ಮೀಟರ್ ಅಗಲ. ಸಾರು ಬಡಿಸೋಕೆ ಸೌಟು ಸಾಲದೆ ಜೆಸಿಬಿ ತರ್ತಾರೆ, ಹೊಸಾ ಜೆಸಿಬಿ, ಗ್ರೀಸ್ ಬದಲು ತಿನ್ನೋ ಎಣ್ಣೆ ಬೆಣ್ಣೆ ಸವರಿದ್ದು. ಅಮ್ಮನಿಗೆ ಇಡೀ ದಿನದಲ್ಲಿ ನಗು ತಡೆಯೋಕಾಗದೇ ಇದ್ದದ್ದು ಇದೊಂದಕ್ಕೆ. ಆಮೇಲೆ ಗಂಭೀರವಾಗಿ "ಎಲೆ ಏನು ಮಾಡ್ತಾರೆ?" ಅಂತ ಕೇಳಿದ್ಲು. ಅಷ್ಟು ಕೆಸು ಬೆಳೆದು ಪತ್ರೊಡೆ ಮಾಡೋಕೆ ಬರಲ್ಲ ಅಂದ್ರೆ ಅವಳಿಗೆ ನಿಜವಾಗ್ಲೂ ಸಂಕಟ.

ಊರಲ್ಲಿ ಉಳಿದದ್ದು ಬೇಗ ಬೇಗ ನೋಡಿದ್ವಿ, ಟ್ರೈನು ತಪ್ಪಿದ್ದರ ಫಲ. ಕೋಟೆಯಲ್ಲಿ ಈಗ ಕಂದಕ, ಗೋಡೆ, ಹಿಂಗಾಲ ಮೇಲೆ ನಿಂತ ಕುದುರೆ ಮೇಲೆ ಇಲ್ಲಿನ ಹಿಂದಿನ ದೊರೆ ಮೊಗಾಮಿ ಯೋಶಿಆಕಿಯ ಪ್ರತಿಮೆ, ಒಳಗೆ ಪಾರ್ಕು. ಬೆಟ್ಟದ ಕೆಳಗಿನ ಗುಡಿ ಕಟ್ಟಿಸಿದ ಶಿಬಾ ಕಾನೆಯೋರಿಯೇ ಅದರ ಮರುವರ್ಷ ಇಲ್ಲಿ ಕೋಟೆ ಶುರು ಮಾಡಿದ್ದು. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಬುನ್‌ಶೋಕಾನ್, 1916ರ ಹಳೇ ಸರ್ಕಾರಿ ಕಚೇರಿ, ಇಟ್ಟಿಗೆಗೆ ಕಲ್ಲು ಹೊದಿಸಿದ ಕಟ್ಟಡ, ಮೇಲೆ ಗಡಿಯಾರದ ಗೋಪುರ, ಒಳಗೆ ಹೋಗೋಕೆ ದುಡ್ಡಿಲ್ಲ. ನಮ್ಮ ಮೈಸೂರಿನ ದೊಡ್ಡ ಗಡಿಯಾರ ಹೀಗೆ ಇಟ್ಕೊಂಡಿದ್ರೆ ಅಂತ ಹೊಟ್ಟೆ ಉರೀತು. ಪೇಟೆ ನಡುವೆ 1624ರ ಕಾಲದ ಕಾಲುವೆ, ಪಕ್ಕದಲ್ಲಿ ಅಂಗಡಿಗಳು, ಅಮ್ಮ ಗೈಡಮ್ಮ ಇಬ್ಬರೂ ಕಾಲುವೆ ಕಟ್ಟೆ ಮೇಲೆ ಕೂತು ಮಂಡಿನೋವಿನ ಔಷಧಿ ಬಗ್ಗೆ ನನ್ನ ಸಹಾಯ ಇಲ್ಲದೇ ಮಾತಾಡ್ತಿದ್ರು, ಒಬ್ಬರದು ಜಪಾನಿ ಒಬ್ಬರದು ತುಳು.

ಕಾರ್ಡು

ಸೆಂಡೈ ಸೇರುವಾಗ ಕತ್ತಲಾಗಿತ್ತು. ತಮ್ಮ ಸ್ಟೇಷನ್ನಿಗೆ ಬಂದಿದ್ದ, ಹಸಿ ಸೋಯಾ ಕಾಳು ರುಬ್ಬಿದ ಹಸಿರು ಸಿಹಿಯ ಶೇಕ್ ಹಿಡ್ಕೊಂಡು. ಅಮ್ಮ ಕೆಳಗೇ ಕೂತಿದ್ಲಾ ಅಂತ ಕೇಳಿದ. ನಾನು ಅಮ್ಮನ ಶೂ ತೋರಿಸಿದೆ, ಮಣ್ಣಾಗಿತ್ತು.

ಕಾರ್ಡು ಬೆಳ್ತಂಗಡಿ ಮುಟ್ಟೋಕೆ ಹದಿನೆಂಟು ದಿನ ಬೇಕಾಯ್ತು, ಅಷ್ಟರಲ್ಲಿ ನಾವೇ ವಾಪಸ್ ಬಂದಾಗಿತ್ತು. ಮಾವ ಫೋನ್ ಮಾಡಿದ್ರು, ಮಳೇಲಿ ನೆನೆದು ಶಾಯಿ ಕದಡಿದೆ, ಅರ್ಧ ಓದೋಕೆ ಬರಲ್ಲ, ನಿನ್ನಮ್ಮನ್ನ ಕೇಳು ಏನು ಬರ್ದಿದಾಳೆ ಅಂತ. ಕೇಳಿದೆ. "ಏನೂ ಇಲ್ಲ, ಇಲ್ಲೂ ಜೀರುಂಡೆ ಕೂಗ್ತದೆ ಅಂತ ಬರೆದೆ" ಅಂದ್ಲು. ಮಾವ ಓದಿದ ಅರ್ಧದಲ್ಲಿ ಜೀರುಂಡೆ ಎಲ್ಲೂ ಇರ್ಲಿಲ್ಲ.